ಎರಡು ವರ್ಷದ ಮಗುವಿಗೆ ‘ಆಟಿಸಂ’ ಅಂದರೆ ಎಷ್ಟು ನಂಬಬಹುದು?

ಈ ತಿಂಗಳು ಬಂದ ಪತ್ರಗಳಲ್ಲಿ ಪುಟ್ಟ ಮಕ್ಕಳ ಆಟಿಸಂ ಪರೀಕ್ಷೆಯ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿವೆ. ಆಟಿಸಂ ಅಂದರೆ ಮಗು ಬೇರೆಯವರ ಜೊತೆ ಬೆರೆಯುವುದು, ಹೇಳುವುದು, ಆಡುವುದು ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳಿಂದ ಬಂದವನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಎರಡು ವರ್ಷ ಎರಡು ತಿಂಗಳು. ಒಂದು ವರ್ಷಕ್ಕೆ ‘ಅಮ್ಮ’, ‘ಹಾಲು’ ಅಂತೆಲ್ಲ ಹೇಳುತ್ತಿದ್ದ, ಈಗ ಅದೂ ಇಲ್ಲ. ಕರೆದರೆ ತಿರುಗುವುದು ಕಮ್ಮಿ. ಮಕ್ಕಳ ಡಾಕ್ಟರು 20 ಪ್ರಶ್ನೆಯ ಒಂದು ಫಾರ್ಮ್ ತುಂಬಿಸಿದರು, 9 ಅಂಕ ಬಂತು. ಮಂಗಳೂರಿನಲ್ಲಿ ಒಂದು ಕಡೆ ಎರಡು ದಿನ ಕರೆಸಿ ನೋಡಿ ಆಟಿಸಂ ಅಂದರು. ಮನೆಯವರಿಗೆ ಸಮಾಧಾನ ಆಗಲಿಲ್ಲ. ಇನ್ನೊಂದು ಕಡೆ ಹೋದೆವು. ಅಲ್ಲಿ ಹತ್ತು ನಿಮಿಷ ನೋಡಿ ‘ಏನಿಲ್ಲ, ಮೂರು ವರ್ಷ ಆಗಲಿ, ಆಮೇಲೆ ನೋಡೋಣ’ ಅಂದರು. ಯಾರನ್ನು ನಂಬುವುದು?
– ಒಬ್ಬ ತಾಯಿ, ಪೆರ್ಲ

ಉತ್ತರ: ಎರಡು ದಿನ ಕೂತು ನೋಡಿದವರನ್ನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಇನ್ನೊಂದು ವರ್ಷ ಕಾಯುವ ಕಡೆಗೆ ನಿಮ್ಮ ಮನೆಯವರ ಮನಸ್ಸು ವಾಲಿದೆ ಅಂತ ಪತ್ರದಿಂದಲೇ ಗೊತ್ತಾಗುತ್ತದೆ. ಕಾಯಬೇಡಿ. ಇದ್ದ ಮಾತು ಹೋಗುವುದನ್ನು ಯಾವ ವಯಸ್ಸಲ್ಲೂ ‘ನೋಡೋಣ’ ಅಂತ ಬಿಡುವ ಹಾಗಿಲ್ಲ.

ನಿಮ್ಮ ಮಗುವಿಗೆ ಮಾಡಿದ್ದು ಮೂರು ಬೇರೆ ಬೇರೆ ಕೆಲಸ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲಿನದು ಸ್ಕ್ರೀನಿಂಗ್, ಅಂದರೆ ಯಾವ ಮಗುವಿಗೆ ದೊಡ್ಡ ಪರೀಕ್ಷೆ ಬೇಕು ಅಂತ ಸೋಸಿ ನೋಡುವುದು. ಆ ಫಾರ್ಮ್ ಎಂ-ಚಾಟ್-ಆರ್ ಇರಬೇಕು, 16ರಿಂದ 30 ತಿಂಗಳ ಮಕ್ಕಳಿಗಾಗಿ ಮಾಡಿದ್ದು. ಮನೆಯವರೇ ಹೌದು, ಇಲ್ಲ ಅಂತ ಗುರುತು ಹಾಕಬೇಕು. 2ರವರೆಗೆ ಬಂದರೆ ಸಂಶಯ ಕಮ್ಮಿ. 3ರಿಂದ 7 ಬಂದರೆ ಅದೇ ಪ್ರಶ್ನೆಗಳನ್ನು ಉದಾಹರಣೆ ಸಮೇತ ಬಿಡಿಸಿ ಮತ್ತೊಮ್ಮೆ ಕೇಳಬೇಕು. 8 ಅಥವಾ ಅದಕ್ಕಿಂತ ಮೇಲೆ ಬಂದರೆ ನೇರ ದೊಡ್ಡ ಪರೀಕ್ಷೆಗೆ ಕಳಿಸಬೇಕು. ನಿಮ್ಮ ಡಾಕ್ಟರು ಮಾಡಿದ್ದು ಸರಿಯಾಗಿಯೇ ಇದೆ. ಮಧ್ಯದ ಅಂಕ ಬಂದ ಮಕ್ಕಳಿಗೆ ಮಾತ್ರ ಆ ಎರಡನೇ ಸಲದ ಕೇಳುವಿಕೆಯನ್ನು ಬಿಟ್ಟುಬಿಡುವುದು ನಡೆಯುತ್ತದೆ, ಓಪಿಯ ರಶ್ಶಿನಲ್ಲಿ ಸಮಯ ಇರುವುದಿಲ್ಲ ಅಂತ ಕಾರಣ ಕೊಡುತ್ತಾರೆ. ಅದನ್ನು ಬಿಟ್ಟರೆ ಆ ಫಾರ್ಮಿನ ಅರ್ಧ ಶಕ್ತಿ ಹೋದ ಹಾಗೆಯೇ.

ಫಾರ್ಮ್ ಎಷ್ಟು ನಿಖರ ಅಂತ ನಿಮಗೆ ಅನ್ನಿಸಬಹುದು. ಅಮೆರಿಕದಲ್ಲಿ 16,071 ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ 2014ರಲ್ಲಿ ಲೆಕ್ಕ ಪ್ರಕಟಿಸಿದರು. ಎರಡನೇ ಸಲ ಕೇಳಿದ ಮೇಲೂ ಅಂಕ ಇಳಿಯದ ಮಕ್ಕಳನ್ನು ಪೂರ್ತಿ ಪರೀಕ್ಷೆ ಮಾಡಿದಾಗ ಆಟಿಸಂ ಕಂಡದ್ದು 47.5% ಮಕ್ಕಳಲ್ಲಿ. ಹಾಗಾದರೆ ಅರ್ಧಕ್ಕರ್ಧ ಸುಳ್ಳು ಅಂತ ತಿಳಿಯಬೇಡಿ. ಅದೇ ಗುಂಪಿನ 94.6% ಮಕ್ಕಳಿಗೆ ಮಾತು ತಡವೋ ಬೇರೆ ಏನೋ, ಗಮನ ಕೊಡಬೇಕಾದ ಒಂದು ವಿಷಯ ಇದ್ದೇ ಇತ್ತು. ಆದರೆ ಈ ಫಾರ್ಮಿಗೆ ಇನ್ನೊಂದು ಮುಖವೂ ಇದೆ. ಫಿಲಡೆಲ್ಫಿಯಾದಲ್ಲಿ ಸುಮಾರು 26 ಸಾವಿರ ಮಕ್ಕಳನ್ನು ದಿನನಿತ್ಯದ ಓಪಿಯಲ್ಲೇ ಸ್ಕ್ರೀನ್ ಮಾಡಿ, ಅವರಿಗೆ 4ರಿಂದ 8 ವರ್ಷ ಆಗುವವರೆಗಿನ ದಾಖಲೆ ನೋಡಿ 2019ರಲ್ಲಿ ಬರೆದರು. ಮುಂದೆ ಆಟಿಸಂ ಅಂತ ಗೊತ್ತಾದ ಮಕ್ಕಳಲ್ಲಿ ಸ್ಕ್ರೀನಿಂಗ್ ಹಿಡಿದದ್ದು 40 ಶೇಕಡಕ್ಕಿಂತಲೂ ಕಮ್ಮಿ. ಉಳಿದವರೆಲ್ಲ ‘ಏನೂ ಇಲ್ಲ’ ಅನ್ನಿಸಿಕೊಂಡು ಮನೆಗೆ ಹೋಗಿದ್ದರು. ಹಾಗಾಗಿ ಅಂಕ ಜಾಸ್ತಿ ಬಂದರೆ ಮುಂದೆ ಹೋಗಬೇಕು, ಕಮ್ಮಿ ಬಂದರೂ ತಾಯಿಗೆ ಸಂಶಯ ಇದ್ದರೆ ಮುಂದೆಯೇ ಹೋಗಬೇಕು.

ಇನ್ನು ಎರಡು ದಿನದ ಪರೀಕ್ಷೆ. ಅಲ್ಲಿ ಏನು ನೋಡುತ್ತಾರೆ ಅಂತ ಹೊರಗೆ ಕೂತವರಿಗೆ ತಿಳಿಯುವುದಿಲ್ಲ, ‘ಸುಮ್ನೆ ಆಟ ಆಡಿಸಿದರು’ ಅಂತ ಕಾಣುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಸೋಪಿನ ಗುಳ್ಳೆ ಬಿಡುವ ಬಾಟಲಿ ತೆಗೆದು ನಾಲ್ಕು ಸಲ ಊದುತ್ತೇವೆ. ಮಗು ಕುಣಿಯುತ್ತದೆ. ಆಮೇಲೆ ಮುಚ್ಚಳ ಗಟ್ಟಿಯಾಗಿ ತಿರುಗಿಸಿ ಬಾಟಲಿಯನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನೆ ಕೂರುತ್ತೇವೆ. ಈಗ ಆ ಮಗು ಏನು ಮಾಡುತ್ತದೆ ಅನ್ನುವುದೇ ಮುಖ್ಯ. ಒಂದು ಮಗು ಬಾಟಲಿಯನ್ನು ನಮ್ಮ ಕಡೆ ಚಾಚಿ, ಮುಖ ನೋಡಿ, ‘ಆಂ’ ಅನ್ನುತ್ತದೆ. ಮಾತು ಬಾರದಿದ್ದರೂ ಕೇಳಿದ ಹಾಗಾಯಿತು. ಇನ್ನೊಂದು ಮಗು ನಮ್ಮ ಮುಖ ನೋಡದೆ ಕೈ ಮಾತ್ರ ಹಿಡಿದು ಮುಚ್ಚಳದ ಮೇಲೆ ಇಡುತ್ತದೆ. ಮತ್ತೊಂದು ಮಗು ಬಾಟಲಿಯನ್ನು ತಲೆಕೆಳಗೆ ಮಾಡಿ ಒಳಗಿನ ನೀರು ಜಾರುವುದನ್ನೇ ನೋಡುತ್ತಾ ಕೂರುತ್ತದೆ. ಒಂದು ಸಲ ಹೀಗೆ ಮಾಡಿದರೆ ಏನೂ ಅರ್ಥ ಇಲ್ಲ. ಇಂಥ ಹತ್ತಾರು ಸಂದರ್ಭ ಕೊಟ್ಟು, ಕರೆದರೆ ತಿರುಗುವುದು, ಬೆರಳು ತೋರಿಸುವುದು, ನಕ್ಕರೆ ನಗುವುದು, ಗೊಂಬೆಗೆ ಉಣಿಸುವ ಆಟ, ಒಂದೇ ಥರದ ಚಲನೆ, ಶಬ್ದಕ್ಕೆ ಕಿವಿ ಮುಚ್ಚುವುದು, ಎಲ್ಲವನ್ನೂ ಸೇರಿಸಿ, ಮನೆಯವರಿಂದ ಹುಟ್ಟಿದಂದಿನಿಂದ ಕಥೆ ಕೇಳಿ ಆಮೇಲೆ ಒಂದು ತೀರ್ಮಾನಕ್ಕೆ ಬರುವುದು. ಎಡಾಸ್-2 ಅನ್ನುವ ಪರೀಕ್ಷೆಯಲ್ಲಿ 12ರಿಂದ 30 ತಿಂಗಳ ಮಕ್ಕಳಿಗೇ ಬೇರೆ ಭಾಗ ಇದೆ. ನಮ್ಮ ದೇಶದಲ್ಲೇ ಮಾಡಿದ ಐಎನ್‌ಡಿಟಿ-ಎಎಸ್‌ಡಿ ಅನ್ನುವ ಪರೀಕ್ಷೆ 2 ವರ್ಷದಿಂದ 9 ವರ್ಷದವರಿಗೆ.

ಹತ್ತು ನಿಮಿಷದ ವಿಷಯಕ್ಕೆ ಬರೋಣ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಟಿಸಂನಲ್ಲಿ ಪಳಗಿದ ಮನಃಶಾಸ್ತ್ರಜ್ಞರಿಗೇ ಪುಟ್ಟ ಮಕ್ಕಳ ಹತ್ತು ನಿಮಿಷದ ವಿಡಿಯೊ ಕೊಟ್ಟು, ಯಾರನ್ನು ಪರೀಕ್ಷೆಗೆ ಕಳಿಸಬೇಕು ಹೇಳಿ ಅಂದರು. ಆಟಿಸಂ ಇದ್ದ ಮಕ್ಕಳಲ್ಲಿ 39% ಮಕ್ಕಳನ್ನು ಅವರು ಬಿಟ್ಟುಬಿಟ್ಟರು. ತಿಳಿಯದವರಲ್ಲ ಅವರು. ಆ ಸ್ವಲ್ಪ ಹೊತ್ತಿನಲ್ಲಿ ಮಗುವಿನ ನಡವಳಿಕೆಯ ಹೆಚ್ಚಿನ ಪಾಲು ಎಲ್ಲ ಮಕ್ಕಳ ಹಾಗೆಯೇ ಇರುತ್ತದೆ. ಹಾಗಾಗಿ ನಿಮಗೆ ‘ಏನಿಲ್ಲ’ ಅಂದ ಡಾಕ್ಟರ ಅನುಭವದ ಬಗ್ಗೆ ನನ್ನ ತಕರಾರಿಲ್ಲ, ಹತ್ತು ನಿಮಿಷದ ಬಗ್ಗೆ ಇದೆ.

ಅಂದರೆ ಎರಡು ವರ್ಷಕ್ಕೆ ಹೇಳಿದ ಆಟಿಸಂ ಮುಂದೆ ಬದಲಾಗುವುದೇ ಇಲ್ವಾ? ಕೆಲವರಲ್ಲಿ ಬದಲಾಗುತ್ತದೆ. ಸ್ಯಾನ್ ಡಿಯಾಗೋದಲ್ಲಿ 1,269 ಮಕ್ಕಳನ್ನು ಒಂದು ವರ್ಷದಿಂದ ಮೂರು ವರ್ಷದೊಳಗೆ ನೋಡಿ, ಆಮೇಲೆ ಮತ್ತೆ ಕರೆಸಿ ನೋಡಿದರು. ಮೊದಲು ಆಟಿಸಂ ಅಂದವರಲ್ಲಿ 84% ಮಕ್ಕಳಿಗೆ ಆ ಮಾತೇ ಉಳಿಯಿತು. ‘ಎಲ್ಲ ಸರಿಯಾಗಿದೆ’ ಅನ್ನುವಷ್ಟು ಬದಲಾದವರು 2 ಶೇಕಡದ ಒಳಗೆ. ಉಳಿದವರಿಗೆ ಮಾತಿನದ್ದೋ ಕಲಿಕೆಯದ್ದೋ ಬೇರೆ ತೊಂದರೆ ಇತ್ತು. ವಯಸ್ಸಿನ ಲೆಕ್ಕ ನೋಡಿ: 12-13 ತಿಂಗಳಲ್ಲಿ ಹೇಳಿದ್ದು ಅರ್ಧದಷ್ಟು ಮಾತ್ರ ನಿಂತಿತು, 14 ತಿಂಗಳಿಗೆ 79%, 16 ತಿಂಗಳಿಗೆ 83%. ನಿಮ್ಮ ಮಗ ಆ ವಯಸ್ಸು ದಾಟಿದ್ದಾನೆ. ಇನ್ನೊಂದು ಕಡೆ, ಕೊನೆಗೆ ಆಟಿಸಂ ಅಂತಾದವರಲ್ಲಿ ಸುಮಾರು ಕಾಲು ಭಾಗ ಮಕ್ಕಳಿಗೆ ಮೊದಲ ಭೇಟಿಯಲ್ಲಿ ಹಾಗೆ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಸರಿಯಾಗಿ ನೋಡಿ ‘ಹೌದು’ ಅಂದದ್ದು ಹೆಚ್ಚಾಗಿ ನಿಲ್ಲುತ್ತದೆ. ‘ಇಲ್ಲ’ ಅಂದದ್ದರ ಮೇಲೆ ಅಷ್ಟು ಭರವಸೆ ಇಡಲು ಬರುವುದಿಲ್ಲ.

ಈಗ ಮಾಡಬೇಕಾದ್ದು: ಕಿವಿ ಪರೀಕ್ಷೆ ಆಗಿಲ್ಲ ಅಂದರೆ ಈ ವಾರವೇ ಬೇರಾ ಅಥವಾ ಓಎಇ ಮಾಡಿಸಿ, ಕರೆದರೆ ತಿರುಗದ ಮಗುವಿಗೆ ಅದು ಆಗಲೇಬೇಕು. ಥೆರಪಿಗೆ ಹೆಸರು ಬರೆಸಿ. ಒಂದು ವರ್ಷ ಬಿಟ್ಟು ಅದೇ ತಂಡದಿಂದ ಮತ್ತೆ ಅಸೆಸ್‌ಮೆಂಟ್ ಮಾಡಿಸಿ. ಅಕಸ್ಮಾತ್ ಆಗ ಆಟಿಸಂ ಅಲ್ಲ ಅಂತಾದರೂ, ಮಗುವಿನ ಜೊತೆ ನೆಲದಲ್ಲಿ ಕೂತು ಆಡಿದ್ದು, ಮಾತಾಡಿಸಿದ್ದು ಯಾವುದೂ ದಂಡವಾಗುವುದಿಲ್ಲ. ಕಳೆದ ವರ್ಷ ಮಾತ್ರ ವಾಪಸ್ ಬರುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಹವ್ಯಕ ಕನ್ನಡ. ತೋಟದ ಕೆಲಸದವರ ಹತ್ತಿರ ತುಳು. ಅಂಗನವಾಡಿಯಲ್ಲಿ ಮಲಯಾಳ. ಮಗಳಿಗೆ 30 ತಿಂಗಳು, ಒಂದೆರಡು ಶಬ್ದ ಬಿಟ್ಟರೆ ಮಾತಿಲ್ಲ. ಪರೀಕ್ಷೆ ಮಾಡಿದವರು ಮಲಯಾಳದಲ್ಲಿ ಮಾತಾಡಿಸಿದರು, ಇವಳು ಯಾವುದಕ್ಕೂ ಓಗೊಡಲಿಲ್ಲ. ‘ಮೂರು ಭಾಷೆಯಿಂದ ಹೀಗಾಗಿದೆ, ಮನೆಯಲ್ಲೂ ಮಲಯಾಳ ಮಾತ್ರ ಮಾತಾಡಿ’ ಅಂದರು. ಅತ್ತೆಗೆ ಮಲಯಾಳವೇ ಬರುವುದಿಲ್ಲ.
– ಬದಿಯಡ್ಕದ ಓದುಗರು

ಉತ್ತರ: ಮನೆಮಾತು ಬಿಡಬೇಡಿ. ಅತ್ತೆ ಹವ್ಯಕದಲ್ಲೇ ಹಾಡಲಿ, ಕಥೆ ಹೇಳಲಿ, ಬಯ್ಯಲಿ. ಎರಡು ಮೂರು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಆಟಿಸಂ ಇರುವ ಮಗುವಿಗೂ ಅದರಿಂದ ಹೆಚ್ಚಿನ ತೊಂದರೆ ಆಗುತ್ತದೆ ಅಂತ ಸಂಶೋಧನೆಯಲ್ಲಿ ಕಂಡಿಲ್ಲ. ಮನೆಯವರು ಬಾರದ ಭಾಷೆಯಲ್ಲಿ ತಡವರಿಸಿ ಮಾತಾಡಿದರೆ ಮಗುವಿಗೆ ಸಿಗುವ ಮಾತೇ ಕಮ್ಮಿಯಾಗುತ್ತದೆ. ಅದೇ ನಿಜವಾದ ನಷ್ಟ.

ಪರೀಕ್ಷೆಯ ವಿಷಯದಲ್ಲಿ ನಿಮ್ಮ ಸಂಶಯ ನ್ಯಾಯವಾದದ್ದು. ಗುರುತಿಲ್ಲದ ಭಾಷೆಯಲ್ಲಿ ‘ಪಂದು ತಾ’ ಅಂದಾಗ ಚೆಂಡು ಕೊಡಲಿಲ್ಲ ಅಂತ ಅಂಕ ಕಳೆದರೆ ಅದು ಮಗುವಿನ ತಪ್ಪಲ್ಲ. ಮಾತು ಅರ್ಥವಾಗುವುದನ್ನು ಅಳೆಯುವ ಭಾಗ ಮಗುವಿನ ಭಾಷೆಯಲ್ಲೇ ಆಗಬೇಕು. ಆದರೆ ಒಂದು ಮಾತು ಹೇಳಬೇಕು. ಭಾಷೆ ಯಾವುದೇ ಇರಲಿ, ಮಗು ಬೇಕಾದ್ದನ್ನು ಬೆರಳು ಚಾಚಿ ತೋರಿಸುತ್ತದೆ. ಅಂಗಳದಲ್ಲಿ ಒಣಹಾಕಿದ ಅಡಕೆಯ ಮೇಲೆ ಕೋಳಿ ಬಂದರೆ ಕೋಳಿಯನ್ನು ನೋಡಿ, ನಿಮ್ಮ ಮುಖ ನೋಡಿ, ಮತ್ತೆ ಕೋಳಿಯನ್ನು ನೋಡುತ್ತದೆ. ನೀವು ಕಸ ಗುಡಿಸಿದರೆ ತಾನೂ ಹಿಡಿಸೂಡಿ ಎಳೆದುಕೊಂಡು ಬರುತ್ತದೆ. ಇವಕ್ಕೆ ಕನ್ನಡ, ಮಲಯಾಳ ಅಂತ ಇಲ್ಲ. ಇವೂ ಮಗಳಲ್ಲಿ ಕಮ್ಮಿ ಇದ್ದರೆ ಪೂರ್ತಿ ತಪ್ಪನ್ನು ಭಾಷೆಯ ಮೇಲೆ ಹಾಕಿ ಸಮಾಧಾನಪಟ್ಟುಕೊಳ್ಳಬೇಡಿ.

ಮುಂದಿನ ಸಲ ಹೋಗುವಾಗ ಮಗಳಿಗೆ ಗೊತ್ತಿರುವ ಶಬ್ದಗಳನ್ನು, ಅವಳು ಹೇಳುವ ಹಾಗೆಯೇ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಪರೀಕ್ಷೆ ಮಾಡುವವರ ಪಕ್ಕ ನೀವೇ ಕೂತು ಅವರು ಹೇಳಿದ್ದನ್ನು ಮನೆಮಾತಲ್ಲಿ ಹೇಳಲು ಬಿಡಿ ಅಂತ ಕೇಳಿ. ನಾವು ಭಾಷಾ ಅಲ್ಪಸಂಖ್ಯಾತರು, ಇದನ್ನು ಕೇಳಲು ಸಂಕೋಚ ಬೇಡ. ಕನ್ನಡದಲ್ಲೇ ಮಾತು ಮತ್ತು ಶ್ರವಣ ಪರೀಕ್ಷೆ ಬೇಕು ಅಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಲಯಾಳ ಚೆನ್ನಾಗಿ ಬರುವ ಮನೆಯವರಿಗೆ ತಿರುವನಂತಪುರದ ನಿಷ್ ಅನ್ನುವ ವಾಕ್ ಶ್ರವಣ ಸಂಸ್ಥೆ ಇದೆ. ಮೊದಲು ಜಿಲ್ಲೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡುವ ಸರ್ಕಾರಿ ಕೇಂದ್ರ) ವಿಚಾರಿಸಿ, ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಖರ್ಚಿಲ್ಲದೆ ನೋಡುತ್ತಾರೆ.

ಪ್ರಶ್ನೆ: ಮೊಮ್ಮಗನಿಗೆ ಎರಡು ವರ್ಷ ಆಯಿತು, ಮಾತು ಬಂದಿಲ್ಲ. ಅವನ ಅಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು, ಈಗ ಬ್ಯಾಂಕಲ್ಲಿದ್ದಾನೆ. ಸೊಸೆ ಟೆಸ್ಟ್ ಮಾಡಿಸಬೇಕು ಅಂತ ಹಟ ಹಿಡಿದಿದ್ದಾಳೆ. ಇಷ್ಟು ಸಣ್ಣ ಮಗುವಿಗೆ ಒಂದು ಹೆಸರು ಅಂಟಿಸುವುದು ಬೇಕಾ?
– ಒಬ್ಬ ಅಜ್ಜಿ, ಕುಂಬಳೆ

ಉತ್ತರ: ಅಜ್ಜೀ, ಸೊಸೆಯ ಮಾತು ಕೇಳಿ. ತಡವಾಗಿ ಮಾತು ಬರುವ ಮನೆತನ ಇರುವುದು ನಿಜ, ನಿಮ್ಮ ಮಗ ಹಾಗೇ ಇದ್ದಿರಬಹುದು. ಆದರೆ ಬರೀ ಮಾತು ತಡವಾದ ಮಗು ಮಾತಿಲ್ಲದೆಯೇ ಎಲ್ಲ ಹೇಳುತ್ತದೆ. ಮುಖ ನೋಡಿ ಕೈ ಹಿಡಿದು ಎಳೆದು, ಬೆರಳು ತೋರಿಸಿ, ತಲೆ ಆಡಿಸಿ, ಟಾಟಾ ಮಾಡಿ. ಹಲಸಿನ ಹಣ್ಣು ಬೇಕು ಅಂದರೆ ಅದನ್ನೂ ನೋಡುತ್ತದೆ, ನಿಮ್ಮನ್ನೂ ನೋಡುತ್ತದೆ. ಇದು ನಿಮ್ಮ ಮೊಮ್ಮಗನಲ್ಲಿ ಇದೆಯಾ ಅಂತ ಎರಡು ದಿನ ಗಮನಿಸಿ, ಕಂಡದ್ದನ್ನು ಸೊಸೆಯ ಜೊತೆ ಹೋಗಿ ನೀವೇ ಡಾಕ್ಟರಿಗೆ ಹೇಳಿ. ದಿನವಿಡೀ ಮಗುವನ್ನು ನೋಡಿಕೊಳ್ಳುವ ಅಜ್ಜಿಯ ಮಾತಿಗೆ ಪರೀಕ್ಷೆಯಲ್ಲಿ ತುಂಬಾ ಬೆಲೆ ಇದೆ. ಹೆಸರು ಅಂಟುವ ಭಯಕ್ಕೆ ಮಗುವನ್ನು ತೋರಿಸದೆ ಇರುವುದು ನನಗೆ ಒಪ್ಪಿಗೆಯಾಗದ ವಿಷಯ. ಹೆಸರು ಇರಲಿ ಇಲ್ಲದಿರಲಿ, ಮಗುವಿಗೆ ಬೇಕಾದ ಸಹಾಯ ಅದೇ ಇರುತ್ತದೆ.

ಪ್ರಶ್ನೆ: ರಕ್ತ ಪರೀಕ್ಷೆ, ಎಂಆರ್‌ಐ, ಇಇಜಿ, ಯಾವುದರಿಂದಲೂ ಖಚಿತ ಮಾಡಲು ಆಗುವುದಿಲ್ವಾ?
– ಮಂಜೇಶ್ವರ

ಉತ್ತರ: ಇಲ್ಲ. ಆಟಿಸಂ ಇದೆಯೋ ಇಲ್ಲವೋ ಅಂತ ಹೇಳುವ ರಕ್ತ ಪರೀಕ್ಷೆಯೂ ಸ್ಕ್ಯಾನೂ ಇಲ್ಲ. ಫಿಟ್ಸ್ ಬಂದರೆ ಇಇಜಿ ಕೇಳುತ್ತಾರೆ, ತಲೆಯ ಗಾತ್ರ ಅಥವಾ ನರದ ಬಲದಲ್ಲಿ ವ್ಯತ್ಯಾಸ ಇದ್ದರೆ ಎಂಆರ್‌ಐ ಕೇಳುತ್ತಾರೆ, ಕಾರಣ ಹುಡುಕಲು ಕೆಲವರಿಗೆ ಜೀನ್ ಪರೀಕ್ಷೆ ಹೇಳುತ್ತಾರೆ. ಕಾರಣ ಹೇಳದೆ ಎಲ್ಲವನ್ನೂ ಒಟ್ಟಿಗೆ ಬರೆದುಕೊಟ್ಟರೆ ‘ಇದು ಯಾಕೆ’ ಅಂತ ಕೇಳಿ.

ಪ್ರಶ್ನೆ: ನಾನು ಶಾರ್ಜಾದಲ್ಲಿ ಕೆಲಸದಲ್ಲಿದ್ದೇನೆ, ಹೆಂಡತಿ ಮಗು ಉಪ್ಪಳದಲ್ಲಿ. ವಿಡಿಯೊ ಕಾಲ್‌ನಲ್ಲಿ ಮಗು ನನ್ನ ಮುಖ ನೋಡುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಮಗುವಿನ ವಿಡಿಯೊ ಹಾಕಿದರೆ ಆಟಿಸಂ ಹೇಳುತ್ತದೆ ಅಂತ ಗೆಳೆಯರು ಅಂದರು. ನಂಬಬಹುದಾ?

ಉತ್ತರ: ವಿಡಿಯೊ ಕಾಲ್‌ನಲ್ಲಿ ಮುಖ ನೋಡದ್ದು ಒಂದೇ ಆದರೆ ಅಷ್ಟಕ್ಕೇ ಹೆದರಬೇಡಿ, ಪುಟ್ಟ ಮಕ್ಕಳಿಗೆ ಪರದೆಯ ಮುಖಕ್ಕಿಂತ ಕೆಂಪು ಬಟನ್ ಮೇಲೆ ಆಸೆ ಜಾಸ್ತಿ. ಮನೆಯಲ್ಲಿ ಎದುರಿಗಿರುವವರ ಜೊತೆ ಹೇಗಿದೆ ಅಂತ ಹೆಂಡತಿಯನ್ನು ಕೇಳಿ.

ಆ್ಯಪ್‌ಗಳಲ್ಲಿ ಎಲ್ಲವೂ ಒಂದೇ ಅಲ್ಲ. ಸುಮ್ನೆ ಪ್ಲೇಸ್ಟೋರ್‌ನಲ್ಲಿ ಸಿಗುವುದನ್ನು ನಂಬಬೇಡಿ. ಸರಿಯಾಗಿ ಪರೀಕ್ಷೆಗೆ ಒಳಪಟ್ಟದ್ದರಲ್ಲೂ ಮಿತಿ ಇದೆ. ಅಮೆರಿಕದ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟ ಕ್ಯಾನ್ವಾಸ್ ಡಿಎಕ್ಸ್ ಮನೆಯವರ ಉತ್ತರ, ವಿಡಿಯೊ, ಡಾಕ್ಟರ ಉತ್ತರ ಮೂರನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. 425 ಮಕ್ಕಳ ಮೇಲೆ ನೋಡಿದಾಗ ಅದು ಹೌದು ಅಥವಾ ಇಲ್ಲ ಅಂತ ಉತ್ತರ ಕೊಟ್ಟದ್ದು ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ ಮಕ್ಕಳಿಗೆ. ಉಳಿದವರಿಗೆ ‘ಹೇಳಲಾಗದು’ ಅಂತ ಬಂತು. ಅಷ್ಟು ಪ್ರಾಮಾಣಿಕವಾಗಿ ಸುಮ್ಮನಿರುವುದು ನನಗೆ ಮೆಚ್ಚುಗೆಯೇ. ಮಗುವಿನ ಕಣ್ಣು ಎಲ್ಲಿ ನೋಡುತ್ತದೆ ಅಂತ ಹಿಂಬಾಲಿಸುವ ಯಂತ್ರವೂ ಬಂದಿದೆ, 475 ಮಕ್ಕಳ ಅಧ್ಯಯನದಲ್ಲಿ ಅದು ಆಟಿಸಂ ಇದ್ದವರಲ್ಲಿ 71% ಮಕ್ಕಳನ್ನು ಹಿಡಿಯಿತು. ಇವೆಲ್ಲ ಡಾಕ್ಟರ ಕೈಗೆ ಇನ್ನೊಂದು ಸಲಕರಣೆ ಅಷ್ಟೇ.

‘90% ನಿಖರ’ ಅನ್ನುವ ಜಾಹೀರಾತು ನೋಡಿದರೆ ಒಂದು ಲೆಕ್ಕ ಮಾಡಿ ನೋಡಿ. ಸಾವಿರ ಮಕ್ಕಳಲ್ಲಿ 10 ಮಕ್ಕಳಿಗೆ ಆಟಿಸಂ ಇದೆ ಅಂತ ಇಟ್ಟುಕೊಳ್ಳೋಣ. ಆ್ಯಪ್ ಆ 10ರಲ್ಲಿ 9 ಮಕ್ಕಳನ್ನು ಸರಿಯಾಗಿ ಹಿಡಿಯುತ್ತದೆ. ಆಟಿಸಂ ಇಲ್ಲದ 990 ಮಕ್ಕಳಲ್ಲಿ 10 ಶೇಕಡಾ ತಪ್ಪಿದರೆ 99 ಮಕ್ಕಳಿಗೆ ‘ಇದೆ’ ಅನ್ನುತ್ತದೆ. ಒಟ್ಟು 108 ಮಕ್ಕಳ ಮನೆಯಲ್ಲಿ ಗಾಬರಿ, ಅದರಲ್ಲಿ ನಿಜ 9.

ವಿಡಿಯೊ ಮಾತ್ರ ಖಂಡಿತ ಮಾಡಿಸಿ. ಊಟ ಮಾಡುವಾಗ, ಬೇರೆ ಮಕ್ಕಳ ಜೊತೆ ಇರುವಾಗ, ಒಂಟಿಯಾಗಿ ಆಡುವಾಗ, ಎರಡೆರಡು ನಿಮಿಷ ಸಾಕು. ಆಸ್ಪತ್ರೆಯಲ್ಲಿ ಅಳುವ ಮಗುವಿಗಿಂತ ಆ ವಿಡಿಯೊ ನಮಗೆ ಜಾಸ್ತಿ ಹೇಳುತ್ತದೆ.

ಪ್ರಶ್ನೆ: ಎರಡೂವರೆ ವರ್ಷದ ಮಗನ ರಿಪೋರ್ಟಿನಲ್ಲಿ ‘ಕಾರ್ಸ್ 31.5, ಮೈಲ್ಡ್’ ಅಂತ ಇದೆ. ಇದರಿಂದ ಅಂಗವೈಕಲ್ಯದ ಸರ್ಟಿಫಿಕೇಟ್ ಸಿಗುತ್ತದಾ?
– ಸೀತಾಂಗೋಳಿ

ಉತ್ತರ: ಕಾರ್ಸ್ ಅಂದರೆ ಆಟಿಸಂ ಲಕ್ಷಣ ಎಷ್ಟಿದೆ ಅಂತ ಅಳೆಯುವ ಮಾಪಕ. ಅದರಲ್ಲಿ 15 ವಿಷಯಗಳಿಗೆ 1ರಿಂದ 4ರವರೆಗೆ ಅಂಕ ಕೊಡುತ್ತಾರೆ. ಆಟಿಸಂ ಅನ್ನಲು ಸಾಮಾನ್ಯ ಗೆರೆ 30. ಆದರೆ ವೆಲ್ಲೂರಿನಲ್ಲಿ ನಮ್ಮ ದೇಶದ ಮಕ್ಕಳ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 33 ಹೆಚ್ಚು ಹೊಂದುವ ಗೆರೆ ಅಂತ ಕಂಡಿತು. ನಿಮ್ಮ ಮಗನ ಅಂಕ ಈ ಎರಡರ ನಡುವೆ ಇದೆ. ಅದೂ ಎರಡೂವರೆ ವರ್ಷದ ಮಗು, ಆ ದಿನ ನಿದ್ದೆ ಕಮ್ಮಿಯಾಗಿದ್ದರೂ ಒಂದೆರಡು ಅಂಕ ಹೆಚ್ಚಾಗಬಹುದು. ಹಾಗಾಗಿ ಬರೀ ಈ ಒಂದು ಸಂಖ್ಯೆ ಹಿಡಿದು ತೀರ್ಮಾನ ಮಾಡಬೇಡಿ. ರಿಪೋರ್ಟಿನಲ್ಲಿ ಮಗುವಿನ ಆಟ, ನೋಟ, ಮಾತಿನ ವಿವರಣೆ ಇದೆಯಾ ನೋಡಿ. ಅರ್ಧ ಪುಟದಲ್ಲಿ ಅಂಕ ಮಾತ್ರ ಇದ್ದರೆ ಪೂರ್ತಿ ಅಸೆಸ್‌ಮೆಂಟ್ ಕೇಳಿ. ಸರ್ಟಿಫಿಕೇಟಿಗೆ ಬಳಸುವುದು ಬೇರೆ, ಐಎಸ್‌ಎಎ ಅನ್ನುವ 40 ಪ್ರಶ್ನೆಯ ಭಾರತೀಯ ಮಾಪಕ. ಅದನ್ನು ಮಾಡಿದ್ದು ಮೂರು ವರ್ಷ ಮೇಲ್ಪಟ್ಟವರಿಗೆ, 70 ಅಂಕ ಅಂದರೆ 40% ವೈಕಲ್ಯ ಅಂತ ಲೆಕ್ಕ. ಮಗನಿಗೆ ಆ ವಯಸ್ಸು ಇನ್ನೂ ಆಗಿಲ್ಲ. ಥೆರಪಿಗೆ ಸರ್ಟಿಫಿಕೇಟ್ ಬೇಕಾಗಿಲ್ಲ, ಅದನ್ನು ಈಗಲೇ ಶುರು ಮಾಡಿ.

ಪ್ರಶ್ನೆ: ನಮ್ಮದು ಎಣ್ಮಕಜೆ. ಮಗುವಿಗೆ ಆಟಿಸಂ ಅಂದ ಕೂಡಲೇ ಊರಲ್ಲಿ ಎಲ್ಲರೂ ಎಂಡೋಸಲ್ಫಾನ್ ಅನ್ನುತ್ತಾರೆ. ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದಾ?

ಉತ್ತರ: ಗೊತ್ತಾಗುವುದಿಲ್ಲ. ಆಟಿಸಂ ಪರೀಕ್ಷೆ ಮಗು ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡುತ್ತದೆ, ಯಾಕೆ ಅಂತ ಹೇಳುವುದಿಲ್ಲ. ನಿಮ್ಮೂರಿನವರು ಅನುಭವಿಸಿದ್ದು ನನಗೆ ಗೊತ್ತು, ಆ ಪ್ರಶ್ನೆ ಏಳುವುದು ಸಹಜ. ಗೇರು ತೋಟಗಳ ಮೇಲೆ ಆ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಈಗಿನ ಎರಡು ವರ್ಷದ ಒಂದು ಮಗುವಿನ ಆಟಿಸಂಗೆ ಅದೇ ಕಾರಣ ಅಂತ ಯಾವ ಡಾಕ್ಟರೂ ಪರೀಕ್ಷೆ ಮಾಡಿ ಹೇಳಲು ಬರುವುದಿಲ್ಲ. ಮನೆಯಲ್ಲಿ ಬೇರೆಯವರಿಗೆ ಕಾಯಿಲೆ, ಫಿಟ್ಸ್, ಬೆಳವಣಿಗೆಯ ತೊಂದರೆ ಇದ್ದರೆ ಅದನ್ನೆಲ್ಲ ಮುಚ್ಚಿಡದೆ ಹೇಳಿ, ಬೇರೆ ಯಾವ ತಪಾಸಣೆ ಬೇಕು ಅಂತ ನಿರ್ಧರಿಸಲು ಅದು ಬೇಕು. ಪರಿಹಾರದ ಅರ್ಜಿಯ ವಿಚಾರ ಬೇರೆ, ಅದಕ್ಕೋಸ್ಕರ ಥೆರಪಿ ನಿಲ್ಲಿಸಿ ಕಾಯಬೇಡಿ.

ಪ್ರಶ್ನೆ: ದೊಡ್ಡ ಮಗನಿಗೆ ಆಟಿಸಂ ಇದೆ. ಎರಡನೆಯವಳಿಗೆ ಹತ್ತು ತಿಂಗಳು. ಇವಳಿಗೆ ಈಗಲೇ ಟೆಸ್ಟ್ ಮಾಡಿಸಬಹುದಾ?
– ಮುಳ್ಳೇರಿಯ

ಉತ್ತರ: ಅಣ್ಣ ಅಥವಾ ಅಕ್ಕನಿಗೆ ಇದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ಹೆಣ್ಣುಮಕ್ಕಳಲ್ಲಿ ಅದಕ್ಕಿಂತ ಕಮ್ಮಿ. ಹತ್ತು ತಿಂಗಳಿಗೆ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ, ಆದರೆ ಬೆಳವಣಿಗೆ ನೋಡಿಸಲು ಈಗಲೇ ಹೋಗಬಹುದು. ಹೆಸರು ಕರೆದರೆ ತಿರುಗುತ್ತಾಳಾ, ನೀವು ನಕ್ಕರೆ ನಗುತ್ತಾಳಾ, ‘ಬಾಬಾ ದಾದಾ’ ಅಂತ ಶಬ್ದ ಮಾಡುತ್ತಾಳಾ ಅಂತ ನೋಡುತ್ತಿರಿ. ವರ್ಷ ತುಂಬುವ ಹೊತ್ತಿಗೆ ಟಾಟಾ ಮಾಡುವುದು, ಕೈ ಚಾಚಿ ಕೇಳುವುದು ಇರಬೇಕು. ಬಂದದ್ದು ಹೋದರೆ ಅದೇ ವಾರ ತೋರಿಸಿ. ಹೆಣ್ಣುಮಕ್ಕಳು ಚುರುಕಾಗಿ ಅನುಕರಣೆ ಮಾಡಿದರೆ ಕೆಲವು ಲಕ್ಷಣಗಳು ಕಾಣದೆ ಹೋಗುತ್ತವೆ, ಅದಕ್ಕೇ ನಿಮ್ಮ ಮನಸ್ಸಿಗೆ ಅನ್ನಿಸಿದ್ದನ್ನು ಡಾಕ್ಟರಿಗೆ ಹೇಳಲು ಹಿಂಜರಿಯಬೇಡಿ. 12 ತಿಂಗಳಿಗೆ ನೋಡಿ ‘ಏನೂ ಇಲ್ಲ’ ಅಂದರೂ 18 ತಿಂಗಳಿಗೆ ಒಮ್ಮೆ, 24 ತಿಂಗಳಿಗೆ ಒಮ್ಮೆ ಮತ್ತೆ ಸ್ಕ್ರೀನಿಂಗ್ ಮಾಡಿಸಿ. ಅಣ್ಣನಿಗೆ ಥೆರಪಿ ಮಾಡುವವರ ಹತ್ತಿರ ಇವಳನ್ನೂ ಕರೆದುಕೊಂಡು ಹೋಗಿ, ಅವರ ಕಣ್ಣಿಗೆ ಬೀಳುತ್ತಿರಲಿ.